ಹಿಡಿಕೆ ಯಾರ ಅಳತೆಗೆ?

ಅಧ್ಯಕ್ಷರೆ, ಈ ದತ್ತಿಯನ್ನು ಇಟ್ಟ ಮನೆತನದ ಹಿರಿಯರೆ, ರಾಯಚೂರಿನ ಬಂಧುಗಳೆ, ದೇವದುರ್ಗ, ಮಾನ್ವಿ ಕಡೆಯಿಂದ ಬಸ್ಸು ಹಿಡಿದು ಬಂದಿರುವ ಅಕ್ಕಂದಿರೆ, ಅಣ್ಣಂದಿರೆ,

ನಮ್ಮ ಜಿಲ್ಲೆಯಲ್ಲಿ ಬೇಸಾಯದ ಮಾತು ಎತ್ತಿದರೆ ಅದು ನೇರವಾಗಿ ಕೃಷ್ಣೆ, ತುಂಗಭದ್ರೆಯರ ಕಡೆಗೆ ಹೊರಳುತ್ತದೆ. ನಾರಾಯಣಪುರ ಬಲದಂಡೆ ಕಾಲುವೆ ದೇವದುರ್ಗಕ್ಕೆ ಏನು ಮಾಡಿತು, ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಮಾನ್ವಿಯ ಕೊನೆಯ ಹೊಲಕ್ಕೆ ಯಾವಾಗ ಬಂದೀತು ಎಂಬ ಚರ್ಚೆ ನಡೆಯಬೇಕಾದದ್ದೇ. ಇವತ್ತಿನ ಒಂದು ಗಂಟೆಯನ್ನು ಮಾತ್ರ ನಾನು ಕುರ್ಪಿ, ಕುಡುಗೋಲು, ಎಡೆಕುಂಟೆಗಳಿಗೆ ಮೀಸಲಿಡುತ್ತೇನೆ. ಎರಡೆಕರೆ, ಮೂರೆಕರೆ ಇರುವವರ ಹೊಲದಲ್ಲಿ ಬೆಳೆ ಕೈಗೆ ಬರುವುದು ಈ ಸಾಮಾನುಗಳಿಂದ. 2015-16ರ ಕೃಷಿ ಗಣತಿಯ ಪ್ರಕಾರ ದೇಶದಲ್ಲಿ ಒಂದು ಹಿಡುವಳಿಯ ಸರಾಸರಿ ವಿಸ್ತೀರ್ಣ 1.08 ಹೆಕ್ಟೇರ್, ನೂರರಲ್ಲಿ 86 ಹಿಡುವಳಿಗಳು ಸಣ್ಣವು, ಅತಿ ಸಣ್ಣವು. ಅಂದಮೇಲೆ ಕೈಸಾಮಾನಿನ ವಿಷಯ ದೇಶದ ಬಹುಪಾಲು ರೈತರ ವಿಷಯ.

ಒಂದು ಹತ್ತಿ ಹೊಲವನ್ನೇ ತೆಗೆದುಕೊಳ್ಳಿ. ಟ್ರ್ಯಾಕ್ಟರ್ ಬಂದು ಉಳುಮೆ ಮಾಡಿ ಹೋಗುತ್ತದೆ. ಅಲ್ಲಿಂದಾಚೆ ಬೀಜ ಊರುವುದು, ಕಸ ತೆಗೆಯುವುದು, ಗೊಬ್ಬರ ಹಾಕುವುದು, ಉಡಿ ಕಟ್ಟಿಕೊಂಡು ಮತ್ತೆ ಮತ್ತೆ ಹತ್ತಿ ಬಿಡಿಸುವುದು, ಕೊನೆಗೆ ಹತ್ತಿಕಟ್ಟಿಗೆ ಕೀಳುವುದು, ಎಲ್ಲವೂ ಕೈಯ ಕೆಲಸ. ಅದರಲ್ಲಿ ಬಹುಪಾಲು ಹೆಣ್ಣುಮಕ್ಕಳ ಕೈ. ಹಿಂಗಾರಿ ಬಿಳಿಜೋಳವನ್ನು ಈಗಲೂ ಎಷ್ಟೋ ಹೊಲಗಳಲ್ಲಿ ಬೇರುಸಮೇತ ಕೈಯಿಂದಲೇ ಕೀಳುತ್ತಾರೆ. ಅಂಗೈಗೆ ಅರಿವೆ ಸುತ್ತಿಕೊಂಡರೂ ಬೊಬ್ಬೆ ತಪ್ಪುವುದಿಲ್ಲ. ತೊಗರಿ ಕಟಾವಿಗೆ ಬಂದಾಗ ಅದರ ಕಟ್ಟಿಗೆಯಂಥ ಬುಡಕ್ಕೆ ಭತ್ತ ಕೊಯ್ಯುವ ಹಗುರ ಕುಡುಗೋಲು ಏನೂ ಮಾಡಲಾರದು. ಒಂದೇ ಜಿಲ್ಲೆಯೊಳಗೆ ಬೆಳೆಗೊಂದು, ನೆಲಕ್ಕೊಂದು ಸಾಮಾನು ಬೇಕು. ಅಂಗಡಿಯಲ್ಲಿ ಸಿಗುವುದು ಎಲ್ಲಕ್ಕೂ ಒಂದೇ.

ಮೊದಲು ಬೆನ್ನಿನ ಲೆಕ್ಕ ನೋಡೋಣ. ನಲವತ್ತೈದು ಕಿಲೋ ತೂಕದ ಹೆಣ್ಣುಮಗಳೊಬ್ಬಳು ಪೂರ್ತಿ ಬಗ್ಗಿ ಕಸ ತೆಗೆಯುತ್ತಿದ್ದಾಳೆ ಎಂದುಕೊಳ್ಳಿ. ಸೊಂಟದಿಂದ ಮೇಲಿನ ದೇಹದ ಭಾರ ಸುಮಾರು ಇಪ್ಪತ್ತೈದು ಕಿಲೋ. ಬಗ್ಗಿದಾಗ ಆ ಭಾರ ಸೊಂಟದ ಕೀಲಿನಿಂದ ಸುಮಾರು ಇಪ್ಪತ್ತೈದು ಸೆಂಟಿಮೀಟರ್ ಮುಂದೆ ತೂಗುತ್ತದೆ. ಅದನ್ನು ಹಿಡಿದು ನಿಲ್ಲಿಸುವ ಬೆನ್ನಿನ ಸ್ನಾಯು ಕೀಲಿನಿಂದ ಐದೇ ಸೆಂಟಿಮೀಟರ್ ಹಿಂದಿದೆ. ಆದ್ದರಿಂದ ಆ ಸ್ನಾಯು ನೂರಿಪ್ಪತ್ತೈದು ಕಿಲೋ ಭಾರದಷ್ಟು ಜಗ್ಗಬೇಕು. ಕೈಯಲ್ಲಿರುವ ಕುರ್ಪಿಯ ತೂಕ ಇದಕ್ಕೆ ಲೆಕ್ಕವೇ ಅಲ್ಲ. ಬೆಳಿಗ್ಗೆಯಿಂದ ಸಂಜೆಯತನಕ, ಒಂದು ಹಂಗಾಮಿನಿಂದ ಮತ್ತೊಂದಕ್ಕೆ, ಈ ಎಳೆತ ನಡೆದೇ ಇರುತ್ತದೆ. ಸಂಜೆ ನಡ ಹಿಡಿದುಕೊಂಡು ಏಳುವವರ ನೋವಿಗೆ ಕಾರಣ ಇಷ್ಟು ಸ್ಪಷ್ಟವಾಗಿರುವಾಗ ಅದನ್ನು ವಯಸ್ಸಿನ ಮೇಲೆ ಹಾಕುವುದು ಅನ್ಯಾಯ.

ಸನ್ನೆಯ ಈ ಲೆಕ್ಕ ನಮ್ಮ ಊರಿಗೆ ಹೊಸದೇನಲ್ಲ. ಇಲ್ಲೇ ನಮ್ಮ ಕೋಟೆಯಲ್ಲಿ 1294ರ ಶಾಸನ ಕೆತ್ತಿದ, ನಲವತ್ತೊಂದು ಅಡಿ ಉದ್ದದ ಒಂದೇ ಕಲ್ಲು ಇದೆ. ಆ ಕಲ್ಲನ್ನು ಗಣಿಯಿಂದ ಹೇಗೆ ತಂದರು ಎಂಬುದನ್ನೂ ಗೋಡೆಯ ಮೇಲೆ ಗೀರಿ ತೋರಿಸಿದ್ದಾರೆ: ಉದ್ದನೆಯ ಬಂಡಿ, ಅದನ್ನು ಎಳೆಯುವ ದನಗಳ ಸಾಲು, ಹಿಂದಿನಿಂದ ಗಾಲಿಗಳಿಗೆ ಸನ್ನೆಕೋಲು ಕೊಟ್ಟು ನೂಕುತ್ತಿರುವ ಜನ. ಅರಸರ ಹೆಸರಿನ ಪಕ್ಕದಲ್ಲಿ ದುಡಿಮೆಯ ವಿಧಾನವನ್ನೂ ದಾಖಲಿಸಿದ ಆ ಕೈಗೆ ನಾನು ಗೌರವ ಸಲ್ಲಿಸುತ್ತೇನೆ. ಹತ್ತಿಕಟ್ಟಿಗೆ ಕೀಳಲು ಅದೇ ಸನ್ನೆ ಸಾಕು. ನಾಲ್ಕಡಿ ಹಿಡಿಕೆ, ಬುಡದಿಂದ ಅರ್ಧ ಅಡಿಯಲ್ಲಿ ಊರುಗೋಲು, ತುದಿಯಲ್ಲಿ ಕಾಂಡವನ್ನು ಕಚ್ಚಿ ಹಿಡಿಯುವ ಹಲ್ಲಿನ ದವಡೆ. ಕೈಯ ಬಲ ಏಳೆಂಟು ಪಟ್ಟಾಗಿ ಬೇರಿಗೆ ಮುಟ್ಟುತ್ತದೆ, ಮನುಷ್ಯ ನಿಂತೇ ಕೀಳಬಹುದು. ಇಂಥ ಚಿಮಟ ಮಾಡುವುದು ಯಾವ ಕಂಬಾರನಿಗೂ ಕಷ್ಟವಲ್ಲ. ಆದರೂ ಹತ್ತಿಗೆ ಹೆಸರಾದ ನಮ್ಮ ಜಿಲ್ಲೆಯಲ್ಲಿ ಫೆಬ್ರುವರಿಯ ಒಣಗಿದ ಎರೆಯಿಂದ ಬರಿಗೈಯಲ್ಲಿ ಕಟ್ಟಿಗೆ ಕೀಳುವವರನ್ನು ಇನ್ನೂ ನೋಡುತ್ತೇವೆ.

ಹಿಡಿಕೆಯ ಉದ್ದ ನ್ಯಾಯಾಲಯದವರೆಗೆ ಹೋದ ಕಥೆಯನ್ನು ಹೇಳುತ್ತೇನೆ. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಟ್ಯೂಸ್ ಸೊಪ್ಪು, ಸಕ್ಕರೆ ಗೆಡ್ಡೆಯ ಹೊಲಗಳಲ್ಲಿ ಬಹುತೇಕ ಮೆಕ್ಸಿಕೋ ಮೂಲದ ಕೂಲಿಗಳು ಗಿಡ್ಡ ಹಿಡಿಕೆಯ ಗುದ್ದಲಿಯಿಂದ ಕೆಲಸ ಮಾಡಬೇಕಿತ್ತು. ಅವರು ಅದನ್ನು ‘ಎಲ್ ಕೊರ್ತಿತೊ’ ಎಂದು ಕರೆಯುತ್ತಿದ್ದರು. ಉದ್ದ ಹಿಡಿಕೆಯಿಂದ ಸಸಿ ಹಾಳಾಗುತ್ತದೆ ಎಂಬುದು ಮಾಲೀಕರ ವಾದ. ಗಿಡ್ಡ ಹಿಡಿಕೆ ಇದ್ದರೆ ಯಾರು ನೆಟ್ಟಗೆ ನಿಂತಿದ್ದಾರೆ, ಅಂದರೆ ಯಾರು ಕೆಲಸ ಬಿಟ್ಟಿದ್ದಾರೆ ಎಂಬುದು ಮೇಸ್ತ್ರಿಗೆ ದೂರದಿಂದಲೇ ಕಾಣುತ್ತಿತ್ತು ಎಂಬುದು ಕೂಲಿಗಳ ಅನುಭವ. ಕೂಲಿಗಳ ಪರವಾಗಿ ವಕೀಲರು ಹೋರಾಡಿದರು, ವೈದ್ಯರು ಬೆನ್ನುಮೂಳೆಯ ಹಾನಿಯ ಬಗ್ಗೆ ಸಾಕ್ಷ್ಯ ಹೇಳಿದರು. 1975ರ ಜನವರಿಯಲ್ಲಿ ಆ ರಾಜ್ಯದ ಸರ್ವೋಚ್ಚ ನ್ಯಾಯಾಲಯ ಕೂಲಿಗಳ ಪರವಾಗಿ ತೀರ್ಪು ಕೊಟ್ಟಿತು. ಅದೇ ವರ್ಷ ಗಿಡ್ಡ ಗುದ್ದಲಿ ನಿಷೇಧವಾಯಿತು. ಲೆಟ್ಯೂಸ್ ಬೆಳೆ ಅದರಿಂದ ನಿಲ್ಲಲಿಲ್ಲ.

ಹಾಗೆಂದು ನಾಳೆಯೇ ಕುರ್ಪಿಯನ್ನು ಬಿಸಾಡಿ ಎಂದು ನಾನು ಹೇಳಲಾರೆ. ಎರಡೆಲೆಯ ಹತ್ತಿ ಸಸಿಯ ಬುಡದಲ್ಲಿ ಎದ್ದಿರುವ ಕಸವನ್ನು ನಿಂತು ತೆಗೆಯಲು ಹೋದರೆ ಸಸಿಯೂ ಹೋಗುತ್ತದೆ. ಅಲ್ಲಿ ಕಣ್ಣೂ ಬೆರಳೂ ಹತ್ತಿರ ಇರಲೇಬೇಕು. ಕೇಳಬೇಕಾದದ್ದು ಎಷ್ಟು ನೆಲಕ್ಕೆ ಹಾಗೆ ಕೂರಬೇಕು ಎಂದು. ಸಾಲಿನಿಂದ ಸಾಲಿಗೆ 90 ಸೆಂಟಿಮೀಟರ್ ಇದ್ದರೆ, ಸಸಿಯ ಎರಡೂ ಬದಿಗೆ ಹದಿನೈದು ಹದಿನೈದು ಸೆಂಟಿಮೀಟರ್ ಬಿಟ್ಟರೆ, ನಡುವೆ ಉಳಿಯುವ ಅರವತ್ತು ಸೆಂಟಿಮೀಟರನ್ನು ನಿಂತೇ ಹಸನು ಮಾಡಬಹುದು. ಮೂರರಲ್ಲಿ ಎರಡು ಪಾಲು ನೆಲ ಅಲ್ಲಿಗೆ ಮುಗಿಯಿತು. ಬಗ್ಗಿ ಕೂರುವ ಕೆಲಸ ಮೂರನೇ ಒಂದಕ್ಕೆ ಇಳಿಯಿತು.

ಎತ್ತು ಇದ್ದ ಕಾಲದಲ್ಲಿ ಆ ಎರಡು ಪಾಲನ್ನು ಎಡೆಕುಂಟೆ ಮಾಡುತ್ತಿತ್ತು. ಈಗ ಎರಡೆಕರೆಯವನಿಗೆ ಜೋಡಿ ಎತ್ತು ಸಾಕುವುದು ಆಗದ ಮಾತು, ಟ್ರ್ಯಾಕ್ಟರನ್ನು ಬೆಳೆದ ಹತ್ತಿಯೊಳಗೆ ಬಿಡುವಂತಿಲ್ಲ. ಈ ಇಕ್ಕಟ್ಟಿನಲ್ಲಿ ಉತ್ತರ ಕರ್ನಾಟಕದ ರೈತರೂ ವೆಲ್ಡಿಂಗ್ ಅಂಗಡಿಯವರೂ ಕೂಡಿ ಒಂದು ಸಾಮಾನು ಹುಟ್ಟಿಸಿದರು. ಹಳೆಯ ಸೈಕಲ್ಲಿನ ಮುಂದಿನ ಗಾಲಿ, ಚೌಕಟ್ಟಿನ ಒಂದು ಭಾಗ, ಹಿಡಿದು ನೂಕಲು ಅದೇ ಸೈಕಲ್ಲಿನ ಹ್ಯಾಂಡಲ್, ಹಿಂದೆ ಒಂದು ಸಣ್ಣ ಕುಡ: ಇದೇ ಸೈಕಲ್ ಎಡೆಕುಂಟೆ. ನಾನು ಇದನ್ನು ನಮ್ಮ ಭಾಗದ ದೊಡ್ಡ ಶೋಧಗಳಲ್ಲಿ ಒಂದೆಂದು ಎಣಿಸುತ್ತೇನೆ. ಅಣ್ಣಿಗೇರಿಯ ಅಬ್ದುಲ್ ಖಾದರ್ ನಡಕಟ್ಟಿನ ಅವರಿಗೆ ಕೃಷಿ ಸಲಕರಣೆಗಳ ಶೋಧಕ್ಕಾಗಿ 2022ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಸಂತೋಷಪಟ್ಟೆವು. ಅಂಥದೇ ಬುದ್ಧಿ ಹೆಸರಿಲ್ಲದ ನೂರಾರು ವೆಲ್ಡಿಂಗ್ ಅಂಗಡಿಗಳಲ್ಲಿ ಕೆಲಸ ಮಾಡುತ್ತಿದೆ.

ಪ್ರೀತಿಯಿಂದಲೇ ಈ ಕುಂಟೆಯ ಕೊರತೆಗಳನ್ನು ಹೇಳಬೇಕು. ಒಂದು ಎಕರೆಯಲ್ಲಿ 90 ಸೆಂಟಿಮೀಟರಿನ ಸಾಲುಗಳನ್ನು ತುದಿಗೆ ತುದಿ ಜೋಡಿಸಿದರೆ ಸುಮಾರು ನಾಲ್ಕೂವರೆ ಕಿಲೋಮೀಟರ್ ಆಗುತ್ತದೆ. ಕುಡದ ಅಗಲ ಇಪ್ಪತ್ತು ಸೆಂಟಿಮೀಟರ್ ಇದ್ದರೆ ಪ್ರತಿ ಸಾಲಿಗೆ ಮೂರು ಸಲ ಹೋಗಬೇಕು. ಹದಿಮೂರೂವರೆ ಕಿಲೋಮೀಟರ್ ನೂಕುತ್ತ ನಡೆಯಬೇಕು. ಕುಡವನ್ನು ಅಗಲ ಮಾಡಿದರೆ ಆಗದೇ ಎಂದು ಕೇಳಬಹುದು. ದಿನವಿಡೀ ದುಡಿಯುವ ಮನುಷ್ಯನ ದೇಹ ಬಿಡದೆ ಕೊಡಬಲ್ಲ ಶಕ್ತಿ ಅರವತ್ತರಿಂದ ಎಪ್ಪತ್ತೈದು ವಾಟ್. ಮನೆಯ ಒಂದು ಹಳೆಯ ಬಲ್ಬಿನಷ್ಟು. ಅಗಲ ಹೆಚ್ಚಿದಷ್ಟೂ ಎರೆಯ ಹಿಡಿತ ಹೆಚ್ಚಿ ನಾಲ್ಕು ಹೆಜ್ಜೆಗೇ ಉಸಿರು ಹತ್ತುತ್ತದೆ. ಆದ್ದರಿಂದ ದಾರಿ ಇರುವುದು ಕುಡದ ಹರಿತದಲ್ಲಿ, ಅದು ನೆಲಕ್ಕೆ ಕೂರುವ ಕೋನದಲ್ಲಿ. ಎರಡು ಮೂರು ಸೆಂಟಿಮೀಟರ್ ಆಳದಲ್ಲಿ ಬೇರು ಕತ್ತರಿಸಿದರೆ ಸಾಕು; ಅದಕ್ಕಿಂತ ಕೆಳಗೆ ಇಳಿದರೆ ಬೆವರು ಮಣ್ಣಿಗೆ ಹೋಗುತ್ತದೆ, ಕಸಕ್ಕಲ್ಲ.

ಇನ್ನು ಎರೆ ಭೂಮಿಯ ಸ್ವಭಾವ. ನೀರು ಕುಡಿದರೆ ಉಬ್ಬಿ ಗಾಲಿಗೆ ಮೆತ್ತಿಕೊಳ್ಳುತ್ತದೆ, ಒಣಗಿದರೆ ಬಾಯಿ ಬಿಟ್ಟು ಕಲ್ಲಾಗುತ್ತದೆ. ಮಳೆ ನಿಂತ ಮೇಲೆ ಕಸ ತೆಗೆಯುವ ಹದ ಸಿಗುವುದು ಕೆಲವೇ ದಿನ. ಊರಿನವರೆಲ್ಲರಿಗೂ ಕೂಲಿ ಬೇಕಾಗುವುದು ಅದೇ ದಿನಗಳಲ್ಲಿ. 2014-15ರಿಂದ ನಡೆದಿರುವ ಕೃಷಿ ಯಂತ್ರಧಾರೆಯಂಥ ಬಾಡಿಗೆ ಕೇಂದ್ರಗಳು ದೊಡ್ಡ ಉಪಕಾರ ಮಾಡಿವೆ, ಆದರೆ ಹದದ ದಿನ ಸರದಿಯಲ್ಲಿ ನಿಂತವನಿಗೆ ಯಂತ್ರ ಬರುವ ಹೊತ್ತಿಗೆ ನೆಲ ಗಟ್ಟಿಯಾಗಿರುತ್ತದೆ. ಸಣ್ಣ ರೈತನ ಮನೆಯ ಗೋಡೆಗೆ ಒರಗಿಸಿಟ್ಟ ಸ್ವಂತ ಕುಂಟೆಯ ಬೆಲೆ ಇರುವುದು ಇಲ್ಲಿ. ಗಾಲಿಯ ಕಡ್ಡಿಗಳ ನಡುವೆ ಎರೆ ತುಂಬಿಕೊಳ್ಳದಂತೆ ಒಂದು ತಗಡಿನ ಬಿಲ್ಲೆ, ಮೆತ್ತಿದ ಮಣ್ಣನ್ನು ಹೆರೆದುಹಾಕಲು ಒಂದು ಪಟ್ಟಿ, ಇಷ್ಟನ್ನು ಕೂಡಿಸಿದರೆ ಹದದಲ್ಲಿ ಅದು ಒಂದು ದಿನ ಮುಂಚೆ ಹೊಲಕ್ಕೆ ಇಳಿಯಬಲ್ಲದು.

ಕೊರತೆಗಳಲ್ಲಿ ದೊಡ್ಡದು ಹಿಡಿಕೆಯದು. ಸೈಕಲ್ ಇದ್ದದ್ದು ಗಂಡಸರ ಅಳತೆಗೆ, ಕುಂಟೆಯೂ ಅದೇ ಅಳತೆಗೆ ಬಂತು. ನೂಕುವ ಸಾಮಾನಿನ ಹಿಡಿಕೆ ಸೊಂಟಕ್ಕೂ ಮೊಳಕೈಗೂ ನಡುವೆ ಇದ್ದರೆ ತೋಳು ಮತ್ತು ಮೈಯ ಭಾರ ಎರಡೂ ಕೆಲಸಕ್ಕೆ ಬರುತ್ತವೆ; ಅದಕ್ಕಿಂತ ಮೇಲಿದ್ದರೆ ಭುಜ ಸೋಲುತ್ತದೆ. 1976ರಲ್ಲಿ ಶುರುವಾದ ಭೋಪಾಲದ ಕೇಂದ್ರೀಯ ಕೃಷಿ ತಾಂತ್ರಿಕ ಸಂಸ್ಥೆ ದೇಶದ ಹಲವು ರಾಜ್ಯಗಳ ಕೃಷಿ ಕಾರ್ಮಿಕರ ಮೈ ಅಳತೆ ತೆಗೆಸಿ, 2009ರಲ್ಲಿ ಅದನ್ನು ಪುಸ್ತಕವಾಗಿ ಹೊರತಂದಿದೆ. ಗಂಡಸರ ಸರಾಸರಿ ಎತ್ತರ ಹೆಣ್ಣುಮಕ್ಕಳದ್ದಕ್ಕಿಂತ ಹತ್ತು ಸೆಂಟಿಮೀಟರಿಗೂ ಹೆಚ್ಚು. ಕೈಯ ಹಿಡಿತ, ತಳ್ಳುವ ಬಲ ಎಲ್ಲ ಬೇರೆ. “ಹಿಡಿಕಿ ದಪ್ಪ ಐತ್ರಿ, ಮುಷ್ಟಿಗೆ ಬೆರಳು ಕೂಡಂಗಿಲ್ಲ” ಎಂಬ ಮಾತು ದೇವದುರ್ಗದ ಹೊಲಗಳಲ್ಲಿ ಹೊಸದಲ್ಲ. ಮೂರು ಸೆಂಟಿಮೀಟರ್ ದಪ್ಪದ ಹಿಡಿಕೆಯನ್ನು ಮುಷ್ಟಿ ಪೂರ್ತಿ ಸುತ್ತುತ್ತದೆ. ನಾಲ್ಕೂವರೆಯದನ್ನು ಬಿಗಿಹಿಡಿಯಲಿಕ್ಕೇ ಅರ್ಧ ಬಲ ಖರ್ಚು. ಹ್ಯಾಂಡಲ್ಲಿನ ಕೊಳವೆಗೆ ಮೂರು ತೂತು ಕೊರೆದು ಒಂದು ಬೋಲ್ಟು ಹಾಕಿದರೆ ಅತ್ತೆಗೂ ಸೊಸೆಗೂ ಒಂದೇ ಕುಂಟೆ ಹೊಂದುತ್ತದೆ. ಇಷ್ಟು ಅಗ್ಗದ ತಿದ್ದುಪಡಿ ಇಷ್ಟು ವರ್ಷ ಆಗದೆ ಉಳಿದದ್ದೇಕೆ?

ನನ್ನ ಉತ್ತರ ಇದು: ಸಾಮಾನು ಕೊಳ್ಳುವವರು ಒಬ್ಬರು, ಬಳಸುವವರು ಇನ್ನೊಬ್ಬರು. ಸಂತೆಯಲ್ಲಿ ಆರಿಸುವುದು ಗಂಡಸರು. ರೈತ ಸಂಪರ್ಕ ಕೇಂದ್ರದಲ್ಲಿ ಸಹಾಯಧನದ ಅರ್ಜಿಗೆ ಪಹಣಿ ಬೇಕು, ಪಹಣಿ ಇರುವುದು ಬಹುಮಟ್ಟಿಗೆ ಗಂಡಸರ ಹೆಸರಿನಲ್ಲಿ. ಕೂಲಿಗೆ ಹೋಗುವ ಭೂಮಿಯಿಲ್ಲದ ಹೆಣ್ಣುಮಗಳು ತನ್ನ ಕುರ್ಪಿ, ತನ್ನ ಕುಡುಗೋಲು ತಾನೇ ಒಯ್ಯುತ್ತಾಳೆ. ಅದರ ಖರ್ಚು ಅವಳದೇ, ಅದರ ನೋವೂ ಅವಳದೇ. ಆ ಸಹಾಯಧನದ ಬಾಗಿಲು ಅವಳಿಗೆ ತೆರೆದಿಲ್ಲ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರ ವರದಿಯಲ್ಲಿ ದೇವದುರ್ಗವನ್ನು ಅತ್ಯಂತ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಇಟ್ಟಿತು. ಆ ವರದಿಯಿಂದ ನಮಗೆ ಆದ ಉಪಕಾರವನ್ನು ನಾನು ಮರೆತಿಲ್ಲ. ಆದರೆ 35 ಸೂಚಕಗಳ ಆ ಲೆಕ್ಕದಲ್ಲಿ ಬಗ್ಗಿದ ಬೆನ್ನಿಗೆ ಒಂದು ಕಾಲಮ್ಮು ಇರಲಿಲ್ಲ. ಹಾಗಿದ್ದರೂ ಗುಳೆ ಹೋಗುವವರನ್ನು ಕೇಳಿದರೆ ಕೂಲಿಯ ಮಾತಿನ ಹಿಂದೆಯೇ ಹೊಲದ ಕೆಲಸದ ದಣಿವಿನ ಮಾತೂ ಬರುತ್ತದೆ.

ಮಾನ್ವಿಯ ಕಥೆ ಸ್ವಲ್ಪ ಬೇರೆ. ಅಲ್ಲಿ ಭತ್ತ. ನಾಟಿಯನ್ನು ಹೆಂಗಸರ ಗುಂಪುಗಳು ಎಕರೆ ಲೆಕ್ಕದ ಗುತ್ತಿಗೆಯ ಮೇಲೆ ಮಾಡುತ್ತವೆ. ಸಾಲು ಹಿಡಿದು ನಾಟಿ ಮಾಡಿದರೆ ಮುಂದೆ ಉರುಳು ಕಳೆಯಂತ್ರ ಓಡಿಸಬಹುದು ಎಂದು ನಾವು ಪಾಠ ಹೇಳುತ್ತೇವೆ. ಸಾಲು ಹಿಡಿದರೆ ಗುಂಪಿಗೆ ಹೆಚ್ಚು ಹೊತ್ತು ಬೇಕು, ಗುತ್ತಿಗೆಯ ಹಣ ಮಾತ್ರ ಅಷ್ಟೇ. ಹಾಗಾಗಿ ಕಳೆಯಂತ್ರ ಎಷ್ಟೇ ಚೆನ್ನಾಗಿದ್ದರೂ ಓಡಲು ಸಾಲಿಲ್ಲ; ಕಳೆನಾಶಕ ಸಿಂಪಡಿಸುವವರಿಗೆ ದಾರಿ ಸುಗಮ. ಕೂಲಿಯ ಕರಾರನ್ನು ಬಿಟ್ಟು ಸಾಮಾನನ್ನಷ್ಟೇ ಸುಧಾರಿಸಲು ಹೊರಟರೆ ಫಲ ಸಿಗದು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ನನಗೆ ಗೊತ್ತಿಲ್ಲ.

ಕಾಲುವೆಯ ಕೊನೆ ಭಾಗದ ಹೊಲಗಳಲ್ಲಿ ಇನ್ನೊಂದು ದಾರಿ ತೆರೆದಿದೆ. ನೀರು ತಡವಾಗಿ ಬರುವುದರಿಂದ ನಾಟಿಗೆ ಕಾಯದೆ ಒಣ ನೆಲದಲ್ಲಿ ಕೂರಿಗೆಯಿಂದ ಭತ್ತ ಬಿತ್ತುವುದು ಬೆಳೆದಿದೆ. ರಾಯಚೂರು ಕೃಷಿ ವಿಶ್ವವಿದ್ಯಾಲಯ ಈ ಕೂರಿಗೆ ಭತ್ತಕ್ಕೆ ಒತ್ತು ಕೊಟ್ಟಿದೆ. ಕೂರಿಗೆಯ ಹಿರಿಮೆಯನ್ನು ಹೊರಗಿನವರು ಬರೆದಿಟ್ಟದ್ದು ಬಹಳ ಹಿಂದೆ. ಥಾಮಸ್ ಹಾಲ್ಕಾಟ್ ಎಂಬ ಕ್ಯಾಪ್ಟನ್ 1795ರಲ್ಲಿ ದಕ್ಷಿಣ ಭಾರತದ ಕೂರಿಗೆ ಬಿತ್ತನೆಯನ್ನು ನೋಡಿ, ಇಂಗ್ಲೆಂಡಿನ ಕೃಷಿ ಮಂಡಳಿಗೆ ವಿವರ ಕಳುಹಿಸಿದ. ಧರಂಪಾಲ್ ಅವರು 1971ರಲ್ಲಿ ಅದನ್ನು ಮತ್ತೆ ಬೆಳಕಿಗೆ ತಂದರು. ಕೂರಿಗೆ ಬಿತ್ತಿದ ಹೊಲದಲ್ಲಿ ಸಾಲು ತಾನಾಗಿ ಸಿಗುತ್ತದೆ. ಕಾಲುವೆ ನೀರು ಬಂದು ಹೊಲದಲ್ಲಿ ನಿಲ್ಲುವ ಮುಂಚಿನ ವಾರಗಳಲ್ಲಿ ನೆಲ ಇನ್ನೂ ಒಣಗಿರುವಾಗ ಹನ್ನೆರಡು ಸೆಂಟಿಮೀಟರ್ ಕುಡದ ಸಣ್ಣ ಎಡೆಕುಂಟೆ ಅಲ್ಲಿ ಓಡಬೇಕು. ಕೂರಿಗೆ ಭತ್ತಕ್ಕೆ ದೊಡ್ಡ ಶತ್ರು ಕಸವೇ ಆಗಿರುವುದರಿಂದ, ನಮ್ಮ ಇಂಜಿನಿಯರುಗಳು ಮೊದಲು ಕೈಹಾಕಬೇಕಾದ ಸಾಮಾನು ಇದು ಎಂದು ನನಗೆ ಖಚಿತವಾಗಿ ಅನ್ನಿಸುತ್ತದೆ.

ದೂರದ ಗುಡ್ಡಗಾಡಿನಿಂದಲೂ ಕಲಿಯುವುದಿದೆ. 1924ರಲ್ಲಿ ಬೋಶಿ ಸೇನ್ ಕೊಲ್ಕತ್ತದಲ್ಲಿ ಶುರುಮಾಡಿದ ವಿವೇಕಾನಂದ ಪ್ರಯೋಗಾಲಯ ಮುಂದೆ ಹಿಮಾಲಯದ ಅಲ್ಮೋರಾಕ್ಕೆ ಹೋಯಿತು. 1974ರಿಂದ ಅದು ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ಸಂಸ್ಥೆ. ಅಲ್ಲಿನ ಮೆಟ್ಟಿಲು ಹೊಲಗಳಿಗೆ ಟ್ರ್ಯಾಕ್ಟರ್ ಹತ್ತದು. ನೇಗಿಲನ್ನು ಹೆಗಲ ಮೇಲೆ ಹೊತ್ತು ಒಂದು ಮೆಟ್ಟಿಲಿನಿಂದ ಇನ್ನೊಂದಕ್ಕೆ ಹೋಗಬೇಕು. ಓಕ್ ಮರ ಕಡಿದು ಮಾಡುತ್ತಿದ್ದ ನೇಗಿಲು ಬೇಗ ಸವೆಯುತ್ತಿತ್ತು, ಮತ್ತೆ ಮರಕ್ಕೆ ಕೊಡಲಿ. ಸಂಸ್ಥೆಯವರು ‘ವಿಎಲ್ ಸ್ಯಾಹಿ ಹಲ್’ ಎಂಬ ಕಬ್ಬಿಣದ ಹಗುರ ನೇಗಿಲನ್ನು ರೂಪಿಸಿದರು. ಇಳಿಜಾರು, ಹೆಗಲು, ಕಾಡು ಮೂರನ್ನೂ ಒಟ್ಟಿಗೆ ನೋಡಿ ಮಾಡಿದ ಕೆಲಸ ಅದು. ನಮ್ಮ ಬಯಲಿನ ಎರೆಗೂ ಮಸಾರಿಗೂ ಅಷ್ಟೇ ನಿಗಾ ಬೇಕು.

ಈಗ ಕಂಬಾರರ ವಿಷಯಕ್ಕೆ ಬರುತ್ತೇನೆ. ಬಳ್ಳಾರಿಯ ಸಂಗನಕಲ್ಲಿನ ಹಿರೇಗುಡ್ಡದಲ್ಲಿ ನವಶಿಲಾಯುಗದ ಜನ ಕರಿಗಲ್ಲಿನ ಕೊಡಲಿಗಳನ್ನು ರಾಶಿರಾಶಿಯಾಗಿ ಮಾಡುತ್ತಿದ್ದರು. ನಮ್ಮದೇ ಪಿಕ್ಲಿಹಾಳದಲ್ಲೂ ಅಂಥ ಕೊಡಲಿಗಳು ಸಿಕ್ಕಿವೆ. ಸಾಮಾನು ಮಾಡುವ ಕಸುಬು ಈ ನೆಲದಲ್ಲಿ ಅಷ್ಟು ಹಳೆಯದು. ಆಯ ನಡೆಯುತ್ತಿದ್ದಾಗ ಕಂಬಾರ ವರ್ಷಪೂರ್ತಿ ಕುಡ ಹಣಿದುಕೊಟ್ಟು ರಾಶಿಯ ಹೊತ್ತಿಗೆ ಕಾಳು ಪಡೆಯುತ್ತಿದ್ದ. ಎಷ್ಟು ಸಲ ರಿಪೇರಿ ಮಾಡಿದರೂ ಸಿಗುವುದು ಅಷ್ಟೇ ಆದ್ದರಿಂದ, ಬಾಳಿಕೆ ಬರುವಂತೆ ಮಾಡುವುದು ಅವನಿಗೇ ಲಾಭ. ಆಯದ ಪದ್ಧತಿಯಲ್ಲಿ ಜಾತಿಯ ಮೇಲುಕೀಳು ಹೆಣೆದುಕೊಂಡಿತ್ತು, ಅದು ಮರಳಿ ಬರಬೇಕೆಂದು ನಾನು ಬಯಸುವುದಿಲ್ಲ. ಬಾಳಿಕೆಯ ಹೊಣೆ ಮಾಡಿದವನ ಮೇಲೆಯೇ ಇದ್ದ ಆ ಏರ್ಪಾಡನ್ನು ಮಾತ್ರ ನಾವು ಹೊಸ ರೀತಿಯಲ್ಲಿ ಕಟ್ಟಿಕೊಳ್ಳಬೇಕು.

ಸಾದಾ ಕಬ್ಬಿಣದ ಪಟ್ಟಿಯಲ್ಲಿ ಇಂಗಾಲ ನೂರಕ್ಕೆ 0.2ರಷ್ಟು. ಅದನ್ನು ಕೆಂಪಗೆ ಕಾಯಿಸಿ ನೀರಿಗೆ ಅದ್ದಿದರೂ ಅಲಗು ಗಡುಸಾಗದು; ಎರಡೇ ದಿನಕ್ಕೆ ಮೊಂಡು. ಹಳೆಯ ಲಾರಿಯ ಕಮಾನು ಪಟ್ಟಿಯಲ್ಲಿ ಇಂಗಾಲ 0.5ರಿಂದ 0.6, ಹದವಾಗಿ ಕಾಯಿಸಿ, ತಣಿಸಿ, ಮತ್ತೆ ಸ್ವಲ್ಪ ಬಿಸಿ ತೋರಿಸಿದರೆ ಅಲಗು ಗಡುಸಾಗಿಯೂ ಇರುತ್ತದೆ, ಮುರಿಯುವುದೂ ಇಲ್ಲ. ಕಂಬಾರರಿಗೆ ಇದು ಗೊತ್ತು. ಕೊಳ್ಳುವವರು ಪರೀಕ್ಷಿಸಬೇಕೆಂದರೆ ಅಲಗಿನ ಮೇಲೆ ಅರ ಎಳೆದು ನೋಡಲಿ: ಅರ ಕಚ್ಚಿದರೆ ಮೆತ್ತಗಿನ ಕಬ್ಬಿಣ, ಜಾರಿದರೆ ಗಡಸು. ಭೋಪಾಲದ ಸಂಸ್ಥೆ ರೂಪಿಸಿದ ಗರಗಸದ ಹಲ್ಲಿನ ಕುಡುಗೋಲು ಸುಮಾರು 200 ಗ್ರಾಂ ತೂಗುತ್ತದೆ. ಬೀಸದೆ ಎಳೆದು ಕೊಯ್ಯುವುದರಿಂದ ಮಣಿಕಟ್ಟಿಗೆ ಸುಖ. ಅದು ಒಳ್ಳೆಯ ಸಾಮಾನು. ಹಲ್ಲು ಸವೆದ ಮೇಲೆ ನಮ್ಮೂರ ಕುಲುಮೆಯಲ್ಲಿ ಮತ್ತೆ ಹಲ್ಲು ಹಾಕಲು ಬರದೆ ಅದು ಅಟ್ಟ ಸೇರುತ್ತದೆ. ಹಲ್ಲು ಕೊರೆಯುವ ಒಂದು ಸಣ್ಣ ಉಳಿ ಮತ್ತು ಅಚ್ಚನ್ನು ಕುಲುಮೆಗೂ ತಲುಪಿಸಿದರೆ ಅದೇ ಕುಡುಗೋಲು ಮತ್ತೂ ಕೆಲವು ಹಂಗಾಮು ಬಂದೀತು.

2023ರ ಸೆಪ್ಟೆಂಬರಿನಲ್ಲಿ ಶುರುವಾದ ಪಿಎಂ ವಿಶ್ವಕರ್ಮ ಯೋಜನೆ ಕಂಬಾರರನ್ನೂ ಒಳಗೊಂಡ ಹದಿನೆಂಟು ಕಸುಬುಗಳಿಗೆ ಸಲಕರಣೆಗಾಗಿ 15,000 ರೂಪಾಯಿಯವರೆಗೆ ನೆರವು, ಕಡಿಮೆ ಬಡ್ಡಿಯ ಸಾಲ ಕೊಡುತ್ತಿದೆ. ಬಳಸಿಕೊಳ್ಳಬೇಕು. ಅದರ ಜೊತೆಗೆ ಕಂಬಾರನಿಗೆ ಬೇಕಾದದ್ದು ನಂಬಬಹುದಾದ ಉಕ್ಕು, ಅಳತೆಯ ನಕ್ಷೆ ಮತ್ತು ಖಾತ್ರಿಯ ಗಿರಾಕಿ. ರಾಯಚೂರಿನಲ್ಲಿ 1987ರಿಂದ ಕೃಷಿ ತಾಂತ್ರಿಕ ಮಹಾವಿದ್ಯಾಲಯವಿದೆ, 2008ರಿಂದ ವಿಶ್ವವಿದ್ಯಾಲಯವಿದೆ. ಅಲ್ಲಿನ ವಿದ್ಯಾರ್ಥಿಗಳು ಒಂದು ಹಂಗಾಮು ದೇವದುರ್ಗದ ಕುಲುಮೆಯ ಪಕ್ಕದಲ್ಲಿ ಕೂತು ಕೆಲಸ ಮಾಡಲಿ. ಗುಜರಿಯಿಂದ ಕಮಾನು ಪಟ್ಟಿಗಳನ್ನು ಆರಿಸಿ ತಂದು, ತಾಲ್ಲೂಕಿಗೊಂದು ಕಡೆ ಕಂಬಾರರಿಗೆ ನ್ಯಾಯದ ಬೆಲೆಗೆ ಕೊಡುವ ಏರ್ಪಾಡಾಗಲಿ. ಸಹಾಯಧನ ಊರಿನಲ್ಲೇ ಮಾಡಿದ ಸಾಮಾನಿಗೂ ಸಿಗಲಿ. ಉದ್ಯೋಗ ಖಾತ್ರಿಯ ಕಾರ್ಡಿರುವ ಭೂಮಿಯಿಲ್ಲದ ಹೆಣ್ಣುಮಗಳೂ ಅದಕ್ಕೆ ಅರ್ಹಳಾಗಲಿ.

ಪರೀಕ್ಷೆ ಹೊಲದಲ್ಲಿ ಆಗಬೇಕು. ದೇವದುರ್ಗದ ಎರೆಯಲ್ಲಿ ಒಂದು ಹತ್ತಿ ಹೊಲ, ಮಾನ್ವಿಯ ಕೊನೆ ಭಾಗದಲ್ಲಿ ಒಂದು ಕೂರಿಗೆ ಭತ್ತದ ಹೊಲ ಆರಿಸಿಕೊಳ್ಳೋಣ. ಮುಂಗಾರಿನ ಮೊದಲ ಕಸ ತೆಗೆಯುವ ಹೊತ್ತಿಗೆ ಮೂರು ನಾಲ್ಕು ಬಗೆಯ ಕುಂಟೆ, ಕುರ್ಪಿಗಳನ್ನು ಅಲ್ಲಿಗೆ ಒಯ್ಯೋಣ. ಕೆಲಸ ಮಾಡುವವರ ಎತ್ತರ, ಮುಷ್ಟಿಯ ಅಳತೆ, ಅರ್ಧ ದಿನದಲ್ಲಿ ಆದ ನೆಲ, ನಾಡಿಯ ಬಡಿತ, ಸಂಜೆ ನೋವು ಎಲ್ಲಿ ಎಂಬುದನ್ನು ಬರೆದುಕೊಳ್ಳೋಣ. ಯಾವ ಸಾಮಾನು ಉಳಿಯಬೇಕು, ಯಾವುದು ತಿದ್ದಲು ಕುಲುಮೆಗೆ ಮರಳಬೇಕು ಎಂಬ ತೀರ್ಮಾನ ಅವರದೇ ಆಗಿರಲಿ. ಪರೀಕ್ಷೆಗೆ ಬಂದ ಹೆಣ್ಣುಮಕ್ಕಳಿಗೆ ಆ ದಿನಗಳ ಪೂರ್ತಿ ಕೂಲಿಯನ್ನೂ, ಕಂಬಾರರಿಗೆ ತಿದ್ದುಪಡಿಯ ಮಜೂರಿಯನ್ನೂ ಕೊಡಬೇಕು. ಮೊದಲ ವರ್ಷದ ಆ ಖರ್ಚನ್ನು ಈ ದತ್ತಿಯ ಬಡ್ಡಿಯಿಂದ ಭರಿಸಲು ಸಾಧ್ಯವೇ ಎಂದು ಮುಂದಿನ ಸಾಲಿನಲ್ಲಿ ಕುಳಿತಿರುವ ಮನೆತನದ ಹಿರಿಯರನ್ನು ಈ ವೇದಿಕೆಯಿಂದಲೇ ಕೇಳಿಕೊಳ್ಳುತ್ತೇನೆ. ಇವತ್ತಿನ ಉಪನ್ಯಾಸದ ಗೌರವಧನವನ್ನು ಆ ಲೆಕ್ಕಕ್ಕೇ ಮೊದಲ ಜಮೆಯಾಗಿ ಬರೆದುಕೊಳ್ಳಬೇಕೆಂದೂ ಕೋರುತ್ತೇನೆ.